ನದಿ ಯಾರದ್ದು?

ಈಜಿಪ್ಟಿನ ಭೂಪಟವನ್ನು ಒಮ್ಮೆ ಗಮನಿಸಿರಿ. ಎರಡೂ ಬದಿಗಳಲ್ಲಿ ಮರುಭೂಮಿ, ನಡುವೆ ಹಸಿರು ದಾರದಂತೆ ನೈಲ್ ನದಿ. ಅಲ್ಲಿ ಮಳೆ ತೀರಾ ವಿರಳ. ಆದರೂ ಸುಮಾರು 5,000 ವರ್ಷಗಳ ಹಿಂದೆ ಅದೇ ನೆಲದಲ್ಲಿ ಮಹಾ ನಾಗರಿಕತೆಯೊಂದು ತಲೆಯೆತ್ತಿತು.

ಅದು ಹೇಗೆ ಸಾಧ್ಯವಾಯಿತು? ದೂರದ ಇಥಿಯೋಪಿಯದ ಬೆಟ್ಟಗಳಲ್ಲಿ ಮಳೆ ಸುರಿಯುತ್ತಿತ್ತು. ಆ ನೀರು ಮೆಕ್ಕಲು ಮಣ್ಣನ್ನು ಹೊತ್ತು ತಂದು ಈಜಿಪ್ಟಿನ ಹೊಲಗಳನ್ನು ಮುಳುಗಿಸುತ್ತಿತ್ತು. ನೀರು ಇಳಿದಾಗ ಉಳಿಯುತ್ತಿದ್ದುದು ಫಲವತ್ತಾದ ಕರಿಮಣ್ಣು. ಆದ್ದರಿಂದಲೇ ಅವರು ತಮ್ಮ ನಾಡನ್ನು 'ಕಪ್ಪು ನೆಲ' ಎಂದು ಕರೆದರು. ನೆರೆ, ಬಿತ್ತನೆ, ಕೊಯ್ಲು ಎಂಬ ಮೂರು ಋತುಗಳ, 365 ದಿನಗಳ ಪಂಚಾಂಗವನ್ನು ರಚಿಸಿದರು. ಪ್ರತಿವರ್ಷ ನದಿಯ ಎತ್ತರವನ್ನು ಅಳೆದು ಬರೆದಿಟ್ಟರು. ಮರುಭೂಮಿಯು ಶತ್ರುಗಳನ್ನು ತಡೆಯುವ ಕೋಟೆಯಾಯಿತು. 1960ರ ದಶಕದಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಅಡ್ಡ ಬರುವವರೆಗೂ ಈ ನೆರೆ ಬರುತ್ತಲೇ ಇತ್ತು.

ಆದರೆ ನೆರೆ ತುಸು ಕಡಿಮೆಯಾದರೆ ಕ್ಷಾಮ, ತುಸು ಹೆಚ್ಚಾದರೆ ಒಡ್ಡುಗಳು ಒಡೆದು ಊರುಗಳೇ ನೀರುಪಾಲು. ನದಿಯನ್ನು ಅಳೆಯಬಲ್ಲ ಅಧಿಕಾರಿಗಳಿದ್ದರು, ಒಂದು ಗೇಣು ನೀರನ್ನು ಹೆಚ್ಚಿಸಬಲ್ಲ ದೊರೆ ಇರಲಿಲ್ಲ.

ಇದೇ ನಾಡಿನ ಇಬ್ಬರನ್ನು ಪವಿತ್ರ ಕುರ್‌ಆನ್ ನಮ್ಮ ಮುಂದಿಡುತ್ತದೆ. ಒಬ್ಬನು ಫಿರ್‌ಔನ್. ಈ ರಾಜ್ಯ ನನ್ನದಲ್ಲವೇ, ನನ್ನ ಕೆಳಗೆ ಹರಿಯುವ ಈ ನದಿಗಳು ನನ್ನವಲ್ಲವೇ ಎಂದು ಅವನು ಜಂಬ ಕೊಚ್ಚಿದುದನ್ನು ಸೂರಃ ಝುಖ್‌ರುಫ್ ತಿಳಿಸುತ್ತದೆ. ಆ ನೀರನ್ನು ಕಳುಹಿಸುತ್ತಿದ್ದ ಮೋಡಗಳ ಮೇಲೆ ಅವನಿಗೆ ಯಾವ ಅಧಿಕಾರವಿತ್ತು? ನೀರಿನ ಒಡೆಯನೆಂದು ಮೆರೆದವನು ಕೊನೆಗೆ ನೀರಿನಲ್ಲೇ ಮುಳುಗಿದನು.

ಇನ್ನೊಬ್ಬರು ಪ್ರವಾದಿ ಯೂಸುಫ್(ಅ). ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ತೆನೆಯಲ್ಲೇ ಉಳಿಸಿಡಲು ಕಲಿಸಿ, ಬರಗಾಲದ ಏಳು ವರ್ಷಗಳಿಗೆ ನಾಡನ್ನು ಸಿದ್ಧಗೊಳಿಸಿದರು. ಉಗ್ರಾಣದ ಬೀಗ ಅವರ ಕೈಯಲ್ಲಿತ್ತು, ಆದರೆ ಅವರು ಒಡೆಯರಾಗಲಿಲ್ಲ, ಕಾವಲುಗಾರರಾದರು. ತನ್ನನ್ನು ಬಾವಿಗೆಸೆದ ಸಹೋದರರು ಬಂದಾಗಲೂ ತುಂಬು ಅಳತೆಯನ್ನೇ ಕೊಟ್ಟರು.

ಸಹೋದರ ಸಹೋದರಿಯರೇ, ನಮ್ಮ ಸಂಬಳ, ಅಂಗಡಿ, ತೋಟಗಳ ಬಗ್ಗೆ 'ನಾನು ದುಡಿದದ್ದು' ಎನ್ನುತ್ತೇವೆ. ದುಡಿದದ್ದು ನಿಜ. ಆದರೆ ದುಡಿಯುವ ಆರೋಗ್ಯ, ತಾಯಿಯ ಸವೆದ ಕೈಗಳು, ಅಕ್ಷರ ಕಲಿಸಿದವರ ಶ್ರಮ, ಇವೆಲ್ಲ ನಮ್ಮ ಕಣ್ಣಿಗೆ ಕಾಣದ ಬೆಟ್ಟದಲ್ಲಿ ಸುರಿದ ಮಳೆಯಲ್ಲವೇ? ನಮ್ಮ ಸಂಪತ್ತಿನಲ್ಲಿ ಬಡವರಿಗಿರುವುದು ಭಿಕ್ಷೆಯಲ್ಲ, ಹಕ್ಕು. ಮಿಕ್ಕ ನೀರನ್ನು ತಡೆದಿಡಬಾರದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬೇಸಿಗೆಯಲ್ಲಿ ನೆರೆಮನೆಯವರು ಕೊಡ ಹಿಡಿದು ನಮ್ಮ ಬಾವಿಕಟ್ಟೆಗೆ ಬಂದಾಗ ನಮ್ಮ ಮುಖ ಹೇಗಿರುತ್ತದೆ? ಅವರು ಯಾವ ಧರ್ಮದವರೆಂದು ನಾವು ನೋಡುತ್ತೇವೆಯೇ?

ನಿಮ್ಮ ನೀರು ಭೂಮಿಯೊಳಗೆ ಇಂಗಿಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವನು ಯಾರು ಎಂಬ ಪ್ರಶ್ನೆಯೊಂದಿಗೆ ಸೂರಃ ಮುಲ್ಕ್ ಮುಗಿಯುತ್ತದೆ. ಅಲ್ಲಾಹನೆಂದು ನಾಲಿಗೆ ತಕ್ಷಣ ಉತ್ತರಿಸುತ್ತದೆ. ನಮ್ಮ ಕೈಯೂ ಅದೇ ಉತ್ತರವನ್ನು ಕೊಡುವಂತಾಗಲಿ. ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.