ಹನ್ನಳ ತುಟಿಗಳೂ ಕೂಸಿನ ಕೈಗಳೂ

ಶೀಲೋವಿನಲ್ಲಿ ಹನ್ನಳು ಪ್ರಾರ್ಥಿಸುವಾಗ ತುಟಿಗಳು ಮಾತ್ರ ಅಲ್ಲಾಡಿದವು. ಯಾಜಕನಾದ ಏಲಿಯು ಅದನ್ನು ಕಂಡು ಇವಳು ಕುಡಿದವಳೆಂದು ತಿಳಿದು ಗದರಿಸಿದನು; ಅವಳ ಮಾತನ್ನು ಕೇಳಿದ ಮೇಲೆಯೇ ಆಶೀರ್ವದಿಸಿ ಕಳುಹಿಸಿದನು. ಯಾಜಕನ ಕಣ್ಣೇ ಹೀಗೆ ತಪ್ಪಿದರೆ ನಮ್ಮ ಕಣ್ಣುಗಳ ಗತಿ ಏನು?

ತಾಂಬಾದಂಥ ಊರುಗಳಲ್ಲಿ ಒಂದು ಕೂಸು ಗಳಿಗೆಗಟ್ಟಲೆ ಮೈ ತೂಗುತ್ತಾ, ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಾ, ಒಂದೇ ಮಾತನ್ನು ತಿರುತಿರುಗಿ ಅನ್ನುತ್ತಾ ಇದ್ದರೆ, "ಗಾಳಿ ಬಡದದ, ತಾಯತ ಕಟ್ಟಸ್ರಿ" ಅನ್ನುವವರುಂಟು. ನಮ್ಮವರಲ್ಲಿ ಕೆಲವರು ತಾಯತವನ್ನು ಬಿಟ್ಟರೂ ದೆವ್ವದ ಮಾತನ್ನು ಬಿಟ್ಟಿಲ್ಲ. ಇಂಥ ಅನೇಕ ಮಕ್ಕಳಿಗಿರುವದು ಆಟಿಸಂ. ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ ಅಂಥ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಅದು ಮಿದುಳಿನ ಬೆಳವಣಿಗೆಯಲ್ಲಿರುವ ಭೇದವೇ ಹೊರತು ತಾಯಿಯ ದೋಷವಲ್ಲ, ಯಾರ ಪಾಪದ ಫಲವೂ ಅಲ್ಲ. ಸಪ್ಪಳ, ಬೆಳಕು, ಜನಸಂದಣಿ ಇವು ಆ ಮಕ್ಕಳಲ್ಲಿ ಅನೇಕರನ್ನು ನಮಗಿಂತ ಬಹಳವಾಗಿ ಬಾಧಿಸುವವು. ಆಗ ಮೈ ತೂಗುವದರಿಂದ ಅವರಿಗೆ ನೆಮ್ಮದಿಯಾಗುವದು. ತೊಟ್ಟಿಲು ತೂಗಿದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬಹಳ ಸಂತೋಷವಾದಾಗಲೂ ಅವರು ಕೈ ಬಡಿಯುವದುಂಟು.

ಆದಕಾರಣ ಕೂಸಿನ ಕೈಗಳನ್ನು ಕಟ್ಟಬೇಡಿರಿ, ಹೊಡೆಯಬೇಡಿರಿ. ತಲೆಯನ್ನು ಗೋಡೆಗೆ ಬಡಿದುಕೊಂಡರೆ, ಕೈಯನ್ನು ಕಚ್ಚಿಕೊಂಡರೆ ಮೆಲ್ಲಗೆ ತಡೆದು ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೇಳಿರುವ 21 ವಿಧಗಳಲ್ಲಿ ಆಟಿಸಂ ಸಹ ಒಂದು. ಪ್ರಮಾಣಪತ್ರವನ್ನು ಕೇಳಲು ನಾಚಬೇಡಿರಿ.

ಇನ್ನು ಸಭೆಯವರಿಗೆ ಒಂದು ಮಾತು. ಇಂಥ ಕೂಸಿನ ತಾಯಿ ಜನರ ನೋಟಕ್ಕೆ ಅಂಜಿ ಆದಿತ್ಯವಾರ ಮನೆಯಲ್ಲಿಯೇ ಉಳಿದರೆ, ಹಿರಿಯರು ಹೋಗಿ ಅವಳನ್ನು ಕರೆಯಲಿ. ಬಾಗಿಲ ಹತ್ತಿರ ಚಾಪೆ ಹಾಸಿರಿ. ಡೋಲಕಿನ ಬಡಿತವನ್ನು ತಗ್ಗಿಸಿರಿ. ಕೂಸು ತೂಗಿದರೆ ತಿರುಗಿ ನೋಡಬೇಡಿರಿ.