ನಾಯಿಮರಿಯ ಅಂಜಿಕೆ ಮತ್ತು ಅಭಯದಾನ

ಅಭಯದಾನವೆಂದರೆ ಇನ್ನೊಂದು ಜೀವಿಯ ಅಂಜಿಕೆ ನೀಗಿಸುವುದು. ಜೈನರು ಇದನ್ನು ಆಹಾರ, ಔಷಧ, ಶಾಸ್ತ್ರ ದಾನಗಳ ಸಾಲಿನಲ್ಲೇ ಎಣಿಸುತ್ತಾರೆ. ಇಂದಿನ ಕೊಪ್ಪಳ ಕೊಪಣವೆಂಬ ಹೆಸರಿನಲ್ಲಿ ಜೈನರ ಮಹಾತೀರ್ಥವಾಗಿದ್ದ ಊರು; ಈ ನಾಲ್ಕು ದಾನಗಳ ಮಾತು ಇಲ್ಲಿಗೆ ಹೊಸದಲ್ಲ. ಆದರೆ ಅನ್ನವನ್ನು ಕೊಟ್ಟ ಹಾಗೆ ಅಭಯವನ್ನು ಕೊಡಲು ಬರುತ್ತದೆಯೇ? ಬೇರೆ ನಾಯಿಯನ್ನು ಕಂಡೊಡನೆ ಬಾಲ ಮುದುರಿ ಮಂಚದ ಕೆಳಗೆ ಸೇರುವ ಮರಿ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಅಭಯದಾನದ ಮೊದಲ ಅರ್ಥ, ಕೊಡುವವನು ತಾನು ಭಯಕ್ಕೆ ಕಾರಣನಾಗದಿರುವುದು. ಮರಿ ಹೆದರುವುದು ಸಾಕಿದವನಿಗಲ್ಲ. ಗಂಗಾವತಿಯ ಓಣಿಯ ನಾಯಿಗಳ ಪರವಾಗಿ ಅವನು ಮಾತು ಕೊಡಲಾರ. ಹಾಗಾದರೆ ಅವನ ಕೈಯಲ್ಲಿ ಏನು ಉಳಿಯುತ್ತದೆ? ಮರಿಗೂ ಆ ನಾಯಿಗೂ ನಡುವಿನ ಅಂತರ, ಬೇಡವೆನಿಸಿದಾಗ ಹಿಂದೆ ಸರಿಯುವ ದಾರಿ, ಇವೆರಡೇ.

ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಹಿಂಡಿನಲ್ಲಿ ದೊಡ್ಡ ನಾಯಿಗಳ ನಡುವೆಯೇ ಬೆಳೆದ ಮರಿಗೆ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ತಾಯಿಯಿಂದ ಬೇಗ ಅಗಲಿ, ಮನೆಯೊಳಗೆ ಒಂಟಿಯಾಗಿ ಬೆಳೆದದ್ದಕ್ಕೆ ಬರುತ್ತದೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮರಿ ಲೋಕದೊಂದಿಗೆ ಸಲೀಸಾಗಿ ಹೊಂದಿಕೊಳ್ಳುವ ಕಾಲ ಸುಮಾರು 3ರಿಂದ 12 ವಾರ. ಲಸಿಕೆಗಳು ಪೂರ್ಣವಾಗದ ಕಾಲವೂ ಅದೇ. ಆದ್ದರಿಂದ ಮರಿಯನ್ನು ಎತ್ತಿಕೊಂಡು ದೂರದಿಂದ ನಾಯಿಗಳನ್ನು ತೋರಿಸುವುದು, ಲಸಿಕೆಯಾದ ಸಾಧು ಸ್ವಭಾವದ ಒಂದು ನಾಯಿಯ ಪರಿಚಯ ಮಾಡಿಸುವುದು ಒಳ್ಳೆಯದು.

ಆ ವಯಸ್ಸು ದಾಟಿದ್ದರೂ ದಾರಿಯಿದೆ, ನಿಧಾನವಾದದ್ದು. ಬೇರೆ ನಾಯಿ ಕಾಣಿಸಬೇಕು, ಆದರೆ ಮರಿ ತಿನ್ನುವುದನ್ನು ಬಿಡಬಾರದು. ಅಷ್ಟು ದೂರದಲ್ಲಿ ನಿಲ್ಲಬೇಕು. ನಾಯಿ ಕಂಡಾಗಲೆಲ್ಲ ಮರಿಗೆ ಇಷ್ಟವಾದ ತಿನಿಸು ಕೊಡಬೇಕು. ಕೆಲವು ದಿನಗಳ ಮೇಲೆ ನಾಲ್ಕು ಹೆಜ್ಜೆ ಹತ್ತಿರ. ತಿನಿಸನ್ನು ಒಲ್ಲೆನೆಂದರೆ, ಹಸಿವಿಲ್ಲದೆ ತುಟಿ ನೆಕ್ಕಿದರೆ, ಮತ್ತೆ ಮತ್ತೆ ಆಕಳಿಸಿದರೆ ತೀರ ಹತ್ತಿರ ಬಂದಂತಾಯಿತು. ಮುಂದೆ ಎರಡೂ ನಾಯಿಗಳನ್ನು ಎದುರುಬದುರಾಗಿ ತರದೆ, ಹಗ್ಗ ಸಡಿಲಬಿಟ್ಟು, ನಡುವೆ ಜಾಗವಿಟ್ಟು ಒಂದೇ ದಿಕ್ಕಿಗೆ ನಡೆಸಬಹುದು. ಗುರುಗುಟ್ಟಿದರೆ ಹೊಡೆಯಬಾರದು. ಹೊಡೆದರೆ ಅಂಜಿಕೆ ಉಳಿದು ಎಚ್ಚರಿಕೆಯಷ್ಟೇ ಅಡಗುತ್ತದೆ. ಮುಂದಿನ ಸಲ ನೇರ ಕಡಿತವೇ ಬರಬಹುದು.

ನಾಯಿಗಳ ನಡುವೆ ಬಿಟ್ಟರೆ ತಾನೇ ರೂಢಿಯಾಗುತ್ತದೆ ಎನ್ನುವವರಿದ್ದಾರೆ. ಹಾಗೆ ಬಿಟ್ಟ ಮರಿ ಕೆಲವೊಮ್ಮೆ ಕಲ್ಲಿನಂತೆ ನಿಂತುಬಿಡುತ್ತದೆ, ನೋಡಿದವರು ಅದನ್ನೇ ಧೈರ್ಯವೆಂದುಕೊಳ್ಳುತ್ತಾರೆ. ಮರಿಯ ಸಂಕಟವನ್ನು ಕಡೆಗಣಿಸುವುದು ಹಗುರ ತಪ್ಪಲ್ಲ. ಮಹಾಭಾರತದ ಆದಿಪರ್ವದಲ್ಲಿ ಸರಮೆ ಎಂಬ ಹೆಣ್ಣುನಾಯಿಯ ಮರಿಯನ್ನು ಅರಸ ಜನಮೇಜಯನ ತಮ್ಮಂದಿರು ತಪ್ಪಿಲ್ಲದೆ ಹೊಡೆಯುತ್ತಾರೆ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಸರಮೆ ಶಪಿಸುತ್ತಾಳೆ. ಅಷ್ಟು ದೊಡ್ಡ ಕಾವ್ಯ ತನ್ನ ಆರಂಭದಲ್ಲೇ ಒಂದು ನಾಯಿಮರಿಯ ನೋವಿಗೆ ಅರಸನನ್ನು ಹೊಣೆ ಮಾಡಿದ್ದು ಸಣ್ಣ ಸಂಗತಿಯಲ್ಲ.

ಸದಾ ಎತ್ತಿಕೊಂಡೇ ತಿರುಗುವುದೂ ಅಭಯವಾಗದು. ಅದು ಕಾವಲು, ಕಾವಲುಗಾರ ಇಲ್ಲದ ಗಳಿಗೆಯಲ್ಲಿ ಭಯ ಮರಳುತ್ತದೆ. ಗೀತೆಯ 16ನೆಯ ಅಧ್ಯಾಯ ದೈವೀ ಗುಣಗಳನ್ನು ಎಣಿಸುವಾಗ ಅಭಯವನ್ನೇ ಮೊದಲಿಡುತ್ತದೆ, ಅಂದರೆ ಅದು ಒಳಗೆ ಬೆಳೆಯಬೇಕಾದ ಗುಣ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲಿನ ಅಶೋಕನ ಶಾಸನ, ಪ್ರಯತ್ನಪಟ್ಟರೆ ಸಣ್ಣವರೂ ದೊಡ್ಡ ಫಲ ಪಡೆಯಬಹುದು ಎನ್ನುತ್ತದೆ. ಅದು ಮನುಷ್ಯರಿಗೆ ಹೇಳಿದ ಮಾತು, ನಿಜ. ಆದರೂ ಪ್ರಯತ್ನ ತನ್ನದೇ ಆಗಿರಬೇಕೆಂಬುದು ಇಲ್ಲಿಯೂ ಸಲ್ಲುತ್ತದೆ: ಮುಂದಿಡುವ ಹೆಜ್ಜೆ ಮರಿಯದೇ ಆಗಿರಬೇಕು. ದಾನಿಯ ಪಾಲಿಗೆ ಬರುವುದು ಬಹುಮಟ್ಟಿಗೆ ತಾಳ್ಮೆ.

ಮರಿ ಎಲ್ಲ ನಾಯಿಗಳ ಗೆಳೆಯನಾಗಬೇಕಿಲ್ಲ. ಗಾಬರಿಯಿಲ್ಲದೆ ದಾಟಿ ಹೋದರೆ ಸಾಕು. ತಾಸುಗಟ್ಟಲೆ ನಡುಗುವ ಮರಿಯನ್ನು ಪಶುವೈದ್ಯರಿಗೆ ತೋರಿಸಬೇಕು. ತನ್ನ ಮರಿಗಾಗಿ ಓಣಿಯ ನಾಯಿಗೆ ಕಲ್ಲೆಸೆಯುವುದು ಮಾತ್ರ ಒಂದಕ್ಕೆ ಅಭಯ ಕೊಡಲು ಇನ್ನೊಂದಕ್ಕೆ ಭಯ ಕೊಟ್ಟಂತೆ. ಅದರಿಂದ ಉಪಯೋಗವೂ ಇಲ್ಲ: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಮರಳಿ ಬಿಡಬೇಕೆನ್ನುತ್ತವೆ. ಮರಿ ನಾಳೆಯೂ ಅದೇ ನಾಯಿಯ ಮುಂದೆ ಹಾದು ಹೋಗಬೇಕು.