ಕೈಕಸುಬು ಹಳತಾದಾಗ



ಮನೆಭೇಟಿಗೆ ಹೋದಾಗ ಇತ್ತೀಚೆಗೆ ಒಂದೇ ಮಾತನ್ನು ಬೇರೆ ಬೇರೆ ಬಾಯಿಗಳಿಂದ ಕೇಳುತ್ತಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಹದಿನೆಂಟು ವರ್ಷ ದುಡಿದವರು, ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವವರು, ರಸ್ತೆ ಬದಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವರು, ಎಲ್ಲರ ಅಳಲೂ ಹೆಚ್ಚುಕಡಿಮೆ ಒಂದೇ: "ಫಾದರ್, ನಾವು ಕಲಿತದ್ದು ಇನ್ನು ನಡೆಯುವುದಿಲ್ಲವಂತೆ." ಆ 'ಅಂತೆ' ಎಂಬ ಪ್ರತ್ಯಯವನ್ನು ಗಮನಿಸಿ. ತೀರ್ಪು ಎಲ್ಲಿಯೋ ಆಗಿದೆ, ಯಾರು ಕೊಟ್ಟರೆಂದು ತಿಳಿಯದು, ಸುದ್ದಿ ಮಾತ್ರ ಇವರಿಗೆ ತಲುಪಿದೆ.

ಇಂತಹವರಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವೂ ಒಂದೇ: "ಹೊಸದನ್ನು ಕಲಿಯಿರಿ, ಕಾಲಕ್ಕೆ ತಕ್ಕಂತೆ ಬದಲಾಗಿರಿ." ಮಾತು ಸರಿಯಾದುದೇ. ಆದರೆ ಅದನ್ನು ಹೇಳುವವರು ಸಾಮಾನ್ಯವಾಗಿ ದಡದ ಮೇಲೆ ನಿಂತಿರುತ್ತಾರೆ. ನಾನೂ ಒಮ್ಮೆ ಹಾಗೆ ನಿಂತು ಹೇಳಿದವನು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದಿದೆ. ಒಬ್ಬನ ವೃತ್ತಿಕೌಶಲ ಕಾಲದ ಹಿಂದೆ ಉಳಿದುಬಿಟ್ಟರೆ ಅದು ಅವನ ತಪ್ಪೇ? ತಪ್ಪಾದರೆ ಎಷ್ಟು ಅವನದು, ಎಷ್ಟು ಉಳಿದವರದು?

ಸುಮಾರು ಮೂವತ್ತೈದು ವರ್ಷಗಳ ಹಿಂದೆ, ನಾನಿನ್ನೂ ಗುರುಮಠದ ವಿದ್ಯಾರ್ಥಿಯಾಗಿದ್ದಾಗ, ಪುಟ್ಟ ಪತ್ರಿಕೆಯೊಂದರ ಕರಡಚ್ಚು ತಿದ್ದಲು ಬೆಂಗಳೂರಿನ ಒಂದು ಮುದ್ರಣಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಮೊಳೆ ಜೋಡಿಸುವ ಇಬ್ಬರು ಕಂಪೋಸಿಟರುಗಳಿದ್ದರು. ಹಿರಿಯರಿಗೆ ಆಗ ಮೂವತ್ತೆಂಟೋ ನಲವತ್ತೋ ಇರಬೇಕು. ಕನ್ನಡದ ಮೊಳೆ ಜೋಡಣೆಯನ್ನು ಕಣ್ಣಾರೆ ನೋಡದವರಿಗೆ ಅದರ ಕಷ್ಟ ಹೇಳಿ ತಿಳಿಸುವುದು ಸುಲಭವಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅವುಗಳ ದೊಡ್ಡ ರೂಪ, ಅಂಕಿಗಳು, ಚಿಹ್ನೆಗಳು ಸಾಕು. ನಮ್ಮ ಲಿಪಿಗೆ ಸ್ವರ, ವ್ಯಂಜನ, ಗುಣಿತಾಕ್ಷರ, ಕೆಳಗೆ ಬರುವ ಒತ್ತು, ಪಕ್ಕಕ್ಕೆ ಬರುವ ಅರ್ಕಾವತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಮೊಳೆ. ಮರದ ಪೆಟ್ಟಿಗೆಗಳಲ್ಲಿ ನೂರಾರು ಖಾನೆಗಳು. ಅವರು ಹಸ್ತಪ್ರತಿಯ ಮೇಲಿಂದ ಕಣ್ಣು ತೆಗೆಯದೆ ಕೈಯನ್ನು ಮಾತ್ರ ಚಾಚುತ್ತಿದ್ದರು. ಬೇಕಾದ ಮೊಳೆ ಬೆರಳಿಗೆ ಬಂದಿರುತ್ತಿತ್ತು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರುವುದರಿಂದ ಓದಲು ನನಗೆ ತಲೆನೋವು ಬರುತ್ತಿತ್ತು. ಅವರು ದಿನಪತ್ರಿಕೆ ಓದಿದಂತೆ ಓದುತ್ತಿದ್ದರು.

ಅಷ್ಟೇ ಆಗಿದ್ದರೆ ಅದನ್ನು ಕೈಚಳಕವೆಂದು ಬಿಟ್ಟುಬಿಡಬಹುದಿತ್ತು. ಅವರು ನನ್ನ ಕನ್ನಡವನ್ನೂ ತಿದ್ದುತ್ತಿದ್ದರು. ಗುರುಮಠದಲ್ಲಿ ನಾವು ಹೆಚ್ಚಾಗಿ ಇಂಗ್ಲಿಷಿನಲ್ಲಿ ಓದಿದವರು. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ನನಗಿದ್ದ ಔದಾರ್ಯವನ್ನು ಅವರು ಸಹಿಸುತ್ತಿರಲಿಲ್ಲ. "ಇಲ್ಲಿ ಸಂಧಿ ತಪ್ಪಿದೆ, ಹೀಗೆ ಜೋಡಿಸಲಾ ಸ್ವಾಮಿ?" ಎಂದು ಕೇಳುತ್ತಿದ್ದರು. ಅವರು ಓದಿದ್ದು ಏಳನೆಯ ತರಗತಿ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕಿಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಅದರ ಒಂದೊಂದು ಶಬ್ದವನ್ನೂ ಒಂದೊಂದು ಮೊಳೆಯಾಗಿ ಹೆಕ್ಕಿ ಜೋಡಿಸಿದ ಕೈಗಳು ಯಾರವೆಂದು ನಾವು ಕೇಳುವುದಿಲ್ಲ. ಅದೇ ಊರಿನಲ್ಲಿ 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆಯಾಗಿತ್ತು. ಮೊಳೆಗಳು ನೆಲೆಯೂರುತ್ತಿದ್ದಂತೆ ಕಲ್ಲಿನ ಮೇಲೆ ಅಂದವಾಗಿ ಬರೆಯುವವರ ಕಸುಬು ಹಿಂದೆ ಸರಿಯಿತು. ಅದಕ್ಕೂ ಮೊದಲು ತಾಳೆಗರಿಯ ಲಿಪಿಕಾರರಿದ್ದರು. ಯಾವ ಕಸುಬಿಗೂ ಅಮರತ್ವದ ವರವಿಲ್ಲ ಎಂಬುದನ್ನು ಮರೆತು ಮೊಳೆಗಾಗಿ ಅಳುವುದು ಬೇಡ. ನಾನು ಹೇಳಹೊರಟಿರುವುದು ಮೊಳೆಯ ಕತೆಯನ್ನಲ್ಲ.

1999ರಲ್ಲಿ ನಾನು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರದ ಸಂಭ್ರಮವೊಂದಕ್ಕೆ ಸ್ಮರಣಸಂಚಿಕೆ ತರಬೇಕಾಯಿತು. ಅಷ್ಟರಲ್ಲಿ ಡಿಟಿಪಿ ಬಂದು ಕೆಲವು ವರ್ಷಗಳಾಗಿದ್ದವು. ಹಿಂದಿನ ವರ್ಷವಷ್ಟೇ 'ಬರಹ' ಎಂಬ ಕನ್ನಡ ತಂತ್ರಾಂಶವೂ ಹೊರಬಂದಿತ್ತು. ಹಳೆಯ ಪರಿಚಯದ ಅದೇ ಮುದ್ರಣಾಲಯಕ್ಕೆ ಹೋಗಿ ಮಾಲೀಕರಿಗೆ ಹೇಳಿದೆ: "ಕಂಪ್ಯೂಟರಿನಲ್ಲಾದರೆ ಕೊಡುತ್ತೇವೆ, ಇಲ್ಲವಾದರೆ ಬೇರೆ ಕಡೆ ನೋಡುತ್ತೇವೆ." ಸಮಿತಿಯ ಮುಂದೆ ಇದನ್ನು ಹೆಮ್ಮೆಯಿಂದಲೇ ವರದಿ ಮಾಡಿದೆ. ಮಾಲೀಕರು ಕಂಪ್ಯೂಟರ್ ತಂದರು, ಅದನ್ನು ನಡೆಸಲು ಇಪ್ಪತ್ತರ ಹುಡುಗಿಯೊಬ್ಬಳನ್ನು ನೇಮಿಸಿಕೊಂಡರು. ಇಬ್ಬರು ಕಂಪೋಸಿಟರುಗಳಿಗೂ ಅವಳ ಬಳಿ ಕಲಿತುಕೊಳ್ಳಲು ಮೂರು ವಾರ ಗಡುವು ಕೊಟ್ಟರು. ಆ ದಿನಗಳ ಮಾನದಂಡದಲ್ಲಿ ಅದು ಉದಾರವೇ.

ಕಿರಿಯವ ಕಲಿತ. ಹಿರಿಯರು ಕಲಿಯಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಮೌಸಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿದ್ದರು. "ಕಲಿಯಬೇಕು, ಕಾಲ ಬದಲಾಗಿದೆ" ಎಂದೆ, ಅರ್ಧ ತಮಾಷೆಗೆ. ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಕಲಿಯೋಕೆ ಬೇಜಾರಿಲ್ಲ ಸ್ವಾಮಿ. ಈ ಮಗು ಮುಂದೆ ತಪ್ಪು ಮಾಡೋಕೆ ನಾಚಿಕೆ." ನಾಲ್ಕನೆಯ ವಾರ ಅವರು ಅಲ್ಲಿರಲಿಲ್ಲ. ಎಲ್ಲಿಗೆ ಹೋದರೆಂದು ನಾನು ಕೇಳಲಿಲ್ಲ. ಸ್ಮರಣಸಂಚಿಕೆ ಬಣ್ಣಬಣ್ಣವಾಗಿ ಹೊರಬಂದಿತು. ಅದರಲ್ಲಿ ಅರವತ್ತಕ್ಕೂ ಹೆಚ್ಚು ಅಚ್ಚುತಪ್ಪುಗಳಿದ್ದವು. ಪೂಜ್ಯ ಮಹಾಧರ್ಮಾಧ್ಯಕ್ಷರ ಸಂದೇಶದಲ್ಲಿ 'ಹೃತ್ಪೂರ್ವಕ'ದ ಅರ್ಕಾವತ್ತು ಹಾರಿಹೋಗಿತ್ತು. ಆ ಹುಡುಗಿಯ ತಪ್ಪಲ್ಲ. ಯಂತ್ರ ಬಲ್ಲವಳು ಅವಳು. ಕನ್ನಡ ಬಲ್ಲವರನ್ನು ನಾವು ಮನೆಗೆ ಕಳಿಸಿದ್ದೆವು.

ಈಗ ಪ್ರಶ್ನೆಗೆ ಬರೋಣ. ಕಲಿಯುತ್ತಲೇ ಇರುವುದು ಕರ್ತವ್ಯವೇ? ಹೌದೆಂದೇ ನನ್ನ ಉತ್ತರ, ಮತ್ತು ಅದಕ್ಕೆ ಕಾರಣ ಸಂಬಳವಲ್ಲ. ನಮ್ಮ ಕೌಶಲವನ್ನು ನಂಬಿ ಬೇರೆಯವರು ತಮ್ಮ ದೇಹವನ್ನೋ ದುಡ್ಡನ್ನೋ ಮಕ್ಕಳನ್ನೋ ನಮ್ಮ ಕೈಗೆ ಕೊಟ್ಟಿರುತ್ತಾರೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ವಾಹನಗಳಿಗೆ ಬಿಎಸ್-6 ಮಾಲಿನ್ಯ ನಿಯಮ ಕಡ್ಡಾಯವಾಯಿತು. ಅದರೊಂದಿಗೆ ಹೊಸ ಬೈಕು ಸ್ಕೂಟರುಗಳಿಂದ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿ ಫ್ಯುಯೆಲ್ ಇಂಜೆಕ್ಷನ್ ಬಂದಿತು. ಸ್ಕ್ರೂಡ್ರೈವರ್ ತಿರುಗಿಸಿ, ಕಿವಿಗೊಟ್ಟು ಇಂಜಿನ್ನಿನ ರೋಗ ಹೇಳುತ್ತಿದ್ದ ಮೆಕ್ಯಾನಿಕ್‌ಗೆ ಈಗ ಸ್ಕ್ಯಾನರ್ ಬೇಕು, ಅದು ತೋರಿಸುವ ಸಂಕೇತಗಳ ಅರ್ಥವೂ ತಿಳಿಯಬೇಕು. ತಿಳಿಯದೆ, ತಿಳಿದವನಂತೆ ಗಾಡಿ ಬಿಚ್ಚಿ, ಒಂದಾದ ಮೇಲೊಂದು ಸೆನ್ಸರ್ ಬದಲಿಸಿ ಬಿಲ್ಲು ಬರೆದರೆ ಅದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ. ವೈದ್ಯರ ವಿಷಯದಲ್ಲಂತೂ ಹೇಳುವುದೇ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಾವಳಿ, ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆಯನ್ನಾದರೂ ಮುಂದುವರಿದ ಕಲಿಕೆಗೆ ಕೊಡಬೇಕೆಂದು ವಿಧಿಸಿತು. ವರ್ಷಕ್ಕೆ ಆರು ಗಂಟೆ! ನಾವು ಗುರುಗಳೂ ಇದರಿಂದ ಹೊರತಲ್ಲ. ಗುರುಮಠದಲ್ಲಿ ಬರೆದುಕೊಂಡ ಟಿಪ್ಪಣಿಯನ್ನೇ ಇಪ್ಪತ್ತೈದು ವರ್ಷ ಪ್ರವಚನಪೀಠದಿಂದ ಓದುವವರನ್ನು ನೀವು ಕಂಡಿದ್ದೀರಿ, ಸಹಿಸಿದ್ದೀರಿ.

ಕರ್ತವ್ಯ ಹೌದು. ಆದರೆ ಯಾರ ಖರ್ಚಿನಲ್ಲಿ, ಯಾರ ಸಮಯದಲ್ಲಿ? ಇಲ್ಲಿ ನಾವು ಬೇಗನೆ ಮೌನವಾಗುತ್ತೇವೆ. 2025ರ ಜುಲೈ ತಿಂಗಳಲ್ಲಿ ಟಿಸಿಎಸ್ ಸಂಸ್ಥೆ ತನ್ನ ನೌಕರರಲ್ಲಿ ನೂರಕ್ಕೆ ಸುಮಾರು 2ರಷ್ಟು, ಅಂದರೆ 12,000ದಷ್ಟು ಮಂದಿಯನ್ನು, ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕೈಬಿಡುವುದಾಗಿ ಪ್ರಕಟಿಸಿದಾಗ, ನಮ್ಮ ಧರ್ಮಕೇಂದ್ರದ ಅನೇಕ ಮನೆಗಳಲ್ಲಿ ಅಂದಿನ ರಾತ್ರಿ ಯಾರೂ ನೆಮ್ಮದಿಯಿಂದ ಊಟ ಮಾಡಲಿಲ್ಲ. ನಲವತ್ತೈದರ ಒಬ್ಬ ತಾಯಿಯನ್ನು ನೆನೆಯಿರಿ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಎಂಟಕ್ಕೆ ಕಂಪನಿಯ ಬಸ್ಸು, ಸಂಜೆ ಏಳಕ್ಕೆ ಮನೆ, ಆಮೇಲೆ ಅತ್ತೆಯ ಔಷಧಿ, ಮಗನ ಹೋಂವರ್ಕ್. "ಬಿಡುವಿನಲ್ಲಿ ಕೃತಕ ಬುದ್ಧಿಮತ್ತೆ ಕಲಿತುಕೊಳ್ಳಿ" ಎಂದು ಇವಳಿಗೆ ಮಿಂಚಂಚೆ ಬರುತ್ತದೆ. ಬಿಡುವು ಎಂಬ ಪದಕ್ಕೆ ಆ ಮನೆಯಲ್ಲಿ ಅರ್ಥವೇನು? ಅವಳ ಗಂಡ, ಬೆಳೆದ ಮಕ್ಕಳು ಪಾತ್ರೆ ತೊಳೆಯಲು ಮುಂದಾಗದಿದ್ದರೆ ಅವಳ ಕೌಶಲ ಹಳತಾದದ್ದರಲ್ಲಿ ಅವರ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ.

ಮಾಲೀಕರ ಪಾಲಿನ ಬಗ್ಗೆ ಕಾನೂನು ಒಂದು ಮಾತು ಹೇಳಿದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಕೆಲಸ ಕಳೆದುಕೊಂಡ ಕಾರ್ಮಿಕರ ಮರುಕೌಶಲಕ್ಕಾಗಿ ನಿಧಿಯೊಂದರ ಏರ್ಪಾಡಿದೆ. ಕೈಬಿಟ್ಟ ಪ್ರತಿಯೊಬ್ಬ ಕಾರ್ಮಿಕನ ಹೆಸರಿನಲ್ಲಿ ಮಾಲೀಕನು ಅವನ 15 ದಿನಗಳ ವೇತನಕ್ಕೆ ಸಮನಾದ ಹಣವನ್ನು ಅದಕ್ಕೆ ಕಟ್ಟಬೇಕು. ಮತ್ತೆ ಕಲಿಯುವುದು ಕಾರ್ಮಿಕನೊಬ್ಬನದೇ ಖಾಸಗಿ ತಲೆನೋವಲ್ಲ ಎಂದು ಇಷ್ಟರಮಟ್ಟಿಗಾದರೂ ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಹದಿನೈದು ದಿನದ ಕೂಲಿಯಲ್ಲಿ ಯಾವ ಹೊಸ ಕಸುಬು ಕೈವಶವಾದೀತು? ನನಗೆ ಆ ಮೂರು ವಾರಗಳ ಗಡುವೇ ನೆನಪಾಗುತ್ತದೆ.

ತಲಾಂತುಗಳ ಸಾಮತಿಯನ್ನು ನೀವೆಲ್ಲರೂ ಬಲ್ಲಿರಿ. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯ. ಮೂರನೆಯ ಸೇವಕ ಸೋಮಾರಿ ಎಂದು ಎಷ್ಟೋ ಭಾನುವಾರ ನಾನು ಬೋಧಿಸಿದ್ದೇನೆ. ಧಣಿ ಅವನನ್ನು ಹಾಗೆ ಕರೆದದ್ದೂ ನಿಜ. ಆದರೆ ಆ ಸೇವಕ ತನ್ನ ಬಾಯಿಂದ ಹೇಳಿಕೊಂಡದ್ದು ಭಯದ ಮಾತು. ಧಣಿ ಕಠಿಣನೆಂದು ಅಂಜಿ ಅವನು ಹಣವನ್ನು ಮಣ್ಣಿನಲ್ಲಿ ಹೂತಿಟ್ಟ. ಇನ್ನೊಂದು ಸಂಗತಿಯನ್ನು ನಾನು ಬಹಳ ತಡವಾಗಿ ಗಮನಿಸಿದೆ. ಧಣಿ ಹಿಂದಿರುಗಿದ್ದು ಬಹುಕಾಲದ ನಂತರ. ಐದನ್ನು ಹತ್ತು ಮಾಡಿದವನಿಗೆ ಬಂಡವಾಳವೂ ಇತ್ತು, ಕಾಲಾವಕಾಶವೂ ಇತ್ತು. ಅಂಜಿದವನನ್ನು ಸೋಮಾರಿಯೆಂದು ಹಳಿಯುವ ಮುನ್ನ ಅವನಿಗೆ ನಾವು ಎಷ್ಟು ಕಾಲ ಕೊಟ್ಟೆವೆಂದು ಕೇಳಿಕೊಳ್ಳುವುದು ನ್ಯಾಯವಲ್ಲವೇ?

ಇಮ್ಮಡಿ ಜಾನ್ ಪಾಲ್ ಜಗದ್ಗುರುಗಳು ದುಡಿಮೆಯನ್ನು ಕುರಿತು 1981ರಲ್ಲಿ ಒಂದು ವಿಶ್ವಪತ್ರವನ್ನು ಬರೆದರು. ಯೌವನದಲ್ಲಿ ಪೋಲೆಂಡಿನ ಕಲ್ಲುಗಣಿಯಲ್ಲಿ, ಬಳಿಕ ರಾಸಾಯನಿಕ ಕಾರ್ಖಾನೆಯಲ್ಲಿ ಮೈಮುರಿದು ದುಡಿದವರು ಅವರು. ಪುಸ್ತಕದಿಂದ ಬಂದ ಮಾತಲ್ಲ ಅದು. ದುಡಿಮೆಯ ಬೆಲೆ ಮಾಡುವ ಕೆಲಸದ ಬಗೆಯಿಂದಲ್ಲ, ಮಾಡುವವನು ಮನುಷ್ಯನಾಗಿರುವುದರಿಂದ ಬರುತ್ತದೆ ಎಂಬುದು ಅವರ ವಾದದ ತಿರುಳು. ಯಂತ್ರವು ಮನುಷ್ಯನ ಮಿತ್ರನಾಗಿರುವಂತೆಯೇ ಶತ್ರುವೂ ಆಗಬಹುದೆಂದು ಅವರು ಅಂದೇ ಎಚ್ಚರಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು, ಕಾರ್ಮಿಕರ ಪ್ರಶ್ನೆಯನ್ನು 1891ರಲ್ಲಿ ಎತ್ತಿಕೊಂಡ ಹದಿಮೂರನೆಯ ಲಿಯೋ ಅವರ ಹೆಸರನ್ನು ತಾವು ಆರಿಸಿಕೊಂಡದ್ದಕ್ಕೆ ಕೃತಕ ಬುದ್ಧಿಮತ್ತೆಯನ್ನೂ ಒಂದು ಕಾರಣವಾಗಿ ಹೇಳಿದರು.

ಕಿರಿಯ ಕಂಪೋಸಿಟರನ ಕತೆಯೂ ಸುಖಾಂತವೇನಲ್ಲ. ಅವನು ಸ್ವಂತ ಡಿಟಿಪಿ ಅಂಗಡಿ ಇಟ್ಟ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅವನ ಬೆರಳಿಗೆ ಅಂಟಿಕೊಂಡಿತು, 'ನುಡಿ' ಕರಗತವಾಯಿತು, ಮಗಳ ಮದುವೆಯಾಯಿತು. ಆಮೇಲೆ ಜನ ಮದುವೆಯ ಕರೆಯೋಲೆಗಳನ್ನು ತಮ್ಮ ಮೊಬೈಲಿನಲ್ಲಿಯೇ ಮಾಡಿಕೊಳ್ಳತೊಡಗಿದರು. ಈಗ ಅವನು ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಆಗ ಹುಟ್ಟುವ ತಪ್ಪುಗಳನ್ನು ಹೆಕ್ಕಿ ತೆಗೆಯುವ ಕೆಲಸ ಮಾಡುತ್ತಾನೆ. ಮೂರು ಸಲ ಕಲಿತ ಅವನ ಕೈಯಲ್ಲಿ ಇಂದಿಗೂ ಉಳಿದಿರುವುದು ಯಾವುದು ಹೇಳಿ? ಮೊಳೆಯ ಕಾಲದಲ್ಲಿ ಹಿರಿಯರ ಪಕ್ಕದಲ್ಲಿ ನಿಂತು ಕಲಿತ ಕಾಗುಣಿತ. ಮಕ್ಕಳಿಗೆ ಯಾವ ಕೋರ್ಸು ಕೊಡಿಸಲೆಂದು ಕೇಳುವ ತಂದೆತಾಯಿಗಳಿಗೆ ನಾನು ಈ ಮಾತನ್ನೇ ಹೇಳುತ್ತೇನೆ. ಉಪಕರಣ ಹತ್ತು ವರ್ಷಕ್ಕೆ ಬದಲಾದೀತು. ಅದರ ಹಿಂದಿನ ವಿಷಯಜ್ಞಾನವನ್ನು ಬಿಟ್ಟುಕೊಟ್ಟವನಿಗೆ ಮಾತ್ರ ಪ್ರತಿಸಲವೂ ಸೊನ್ನೆಯಿಂದ ಆರಂಭ.

ಹಿರಿಯರನ್ನು ನಾನು ಮತ್ತೆ ಕಂಡದ್ದು ಸುಮಾರು ಹದಿನೆಂಟು ವರ್ಷಗಳ ನಂತರ. ರೋಗಿಯೊಬ್ಬರಿಗೆ ಪರಮಪ್ರಸಾದ ಕೊಡಲು ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಗೇಟಿನಲ್ಲಿ ಕಾವಲುಗಾರನ ಸಮವಸ್ತ್ರದಲ್ಲಿದ್ದ ಮುದುಕರೊಬ್ಬರು ಮೊಬೈಲಿನಲ್ಲಿ ನನ್ನ ಹೆಸರು ತುಂಬಿಸುತ್ತಿದ್ದರು. ಗುರುತು ಹಿಡಿದವರು ಅವರೇ. ಏನು ಮಾತನಾಡುವುದೆಂದು ತೋಚದೆ, "ಇದನ್ನು ಯಾರು ಕಲಿಸಿದರು?" ಎಂದೆ. "ಮೊಮ್ಮಗಳು ಸ್ವಾಮಿ. ಅವಳ ಮುಂದೆ ಎಷ್ಟು ತಪ್ಪು ಮಾಡಿದರೂ ನಾಚಿಕೆ ಇಲ್ಲ ನೋಡಿ" ಎಂದು ನಕ್ಕರು. ಅವರಿಗೆ ಬುದ್ಧಿ ಮಂದವಾಗಿತ್ತೆಂದು ಅಷ್ಟು ವರ್ಷ ನಂಬಿದ್ದವನು ನಾನು. ಆ ಮುದ್ರಣಾಲಯದಲ್ಲಿ ಅವರಿಗೆ ಬೇಕಾಗಿದ್ದುದು ನಗದೆ ಪಕ್ಕದಲ್ಲಿ ಕೂರುವ ಒಬ್ಬರು. ಆ ಮಧ್ಯಾಹ್ನ ನಾನೇ ಕೂರಬಹುದಿತ್ತು; ಅವರು ನನ್ನ ಸಂಧಿಗಳನ್ನು ತಿದ್ದುವಾಗ ಒಮ್ಮೆಯೂ ನಕ್ಕಿರಲಿಲ್ಲ. ಕ್ಷಮೆ ಕೇಳಿದೆ. ಅವರಿಗೆ ಅದು ಯಾತಕ್ಕೆಂದು ಅರ್ಥವಾದಂತೆ ಕಾಣಲಿಲ್ಲ. ಯಾವ ಮನೆಗೆ ಹೋಗಬೇಕೆಂದು ಕೇಳಿ ಒಳಗೆ ಬಿಟ್ಟರು.

ನಮ್ಮ ಧರ್ಮಕೇಂದ್ರದ ಸಭಾಂಗಣಕ್ಕೆ ವಾರದಲ್ಲಿ ಐದು ಸಂಜೆ ಬೀಗವೇ ಗತಿ. ಕಳೆದ ತಪಸ್ಸುಕಾಲದಿಂದ ಎರಡು ಸಂಜೆ ಅದನ್ನು ತೆರೆದಿಡುತ್ತಿದ್ದೇವೆ. ಕಂಪ್ಯೂಟರ್ ಬಲ್ಲ ನಾಲ್ವರು ಯುವಕ ಯುವತಿಯರು ಬಂದು ಕೂರುತ್ತಾರೆ. ಹಿರಿಯರು ತಮಗೆ ಬೇಕಾದುದನ್ನು ಕೇಳಿ ಕಲಿಯುತ್ತಾರೆ. ಪ್ರಮಾಣಪತ್ರವಿಲ್ಲ, ಶುಲ್ಕವಿಲ್ಲ, ಕಲಿಸುವವರು ನಗುವಂತಿಲ್ಲ ಎಂಬ ಒಂದೇ ನಿಯಮ. ಮೊದಲ ವಾರ ಐವರು ಬಂದರು: ಇಬ್ಬರು ಟೈಪಿಸ್ಟರು, ಒಬ್ಬ ಮೆಕ್ಯಾನಿಕ್, ಲೆಕ್ಕ ಬರೆಯುವ ಒಬ್ಬ ತಾಯಿ, ಮತ್ತು ನಾನು. ಈ ಲೇಖನವನ್ನು ನಾನೇ ಬೆರಳಚ್ಚು ಮಾಡಿದ್ದೇನೆ. ಅರ್ಕಾವತ್ತು ಎಲ್ಲಿಯಾದರೂ ಹಾರಿಹೋಗಿದ್ದರೆ ಸಂಪಾದಕರು ದಯವಿಟ್ಟು ತಿದ್ದಿಕೊಳ್ಳಬೇಕು.